ಗಂಡ ಹೆಂಡಿರ ಜಗಳದಲ್ಲಿ ಮೂರನೆಯವರು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆ ಜಗಳದ ನಡುವೆ ಮೂರನೆಯವರು ತಲೆ ಹಾಕಬಾರದು, ಅದು ತಾನಾಗಿಯೇ ಆರಿಹೋಗುತ್ತದೆ ಎಂಬುದು ಅದರ ಇಂಗಿತ. ಆದರೆ ಈ ಗಾದೆಯನ್ನು ಕಟ್ಟಿದ ಜನರೇ ಇನ್ನೊಂದನ್ನೂ ಕಟ್ಟಿದ್ದಾರೆ: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಮೊದಲನೆಯದು ಸಮಾಧಾನ ಹೇಳುತ್ತದೆ, ಎರಡನೆಯದು ಎಚ್ಚರಿಸುತ್ತದೆ. ಎಲ್ಲ ಜಗಳವೂ ಊಟದ ಹೊತ್ತಿಗೆ ತೀರುವುದಿಲ್ಲ ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಹಾಗೆ ತೀರದೆ ಉಳಿದಾಗ ಮೂರನೆಯವರೊಬ್ಬರು ಬರಲೇಬೇಕಾಗುತ್ತದೆ. ಆ ಮೂರನೆಯವರು ಯಾರು, ಎಲ್ಲಿ ಕುಳಿತು ಕೇಳುತ್ತಾರೆ, ಯಾರ ಮಾತನ್ನು ಕೇಳುತ್ತಾರೆ, ಕೇಳಿದ ಮೇಲೆ ಏನು ಮಾಡುತ್ತಾರೆ ಎಂಬುದಕ್ಕೆ ಒಂದು ಚರಿತ್ರೆಯುಂಟು. ಅದನ್ನು ಈ ಅಲ್ಪ ಅವಧಿಯಲ್ಲಿ ಸ್ಥೂಲವಾಗಿ ನಿಮ್ಮ ಮುಂದಿಡಲು ಪ್ರಯತ್ನಿಸುತ್ತೇನೆ.

ನಾನು ವಾಸಿಸುವುದು ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಕುಂದಲಹಳ್ಳಿಯಲ್ಲಿ. ಹಳ್ಳಿ ಎಂಬುದು ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ. ಕೆರೆಯ ಆಸುಪಾಸಿನಲ್ಲಿ ಬೇಸಾಯ ನಡೆಯುತ್ತಿದ್ದ ನೆಲದ ಮೇಲೆ ಇಂದು ಹಲವು ಅಂತಸ್ತಿನ ವಸತಿ ಸಮುಚ್ಚಯಗಳು ನಿಂತಿವೆ. 1990ರ ದಶಕದಲ್ಲಿ ವೈಟ್‌ಫೀಲ್ಡಿನ ದಾರಿಯಲ್ಲಿ ಐಟಿಪಿಎಲ್ ತಲೆಯೆತ್ತಿದ ಮೇಲೆ ಊರಿನ ಚಹರೆಯೇ ಬದಲಾಯಿತು. 2023ರ ಮಾರ್ಚ್ ತಿಂಗಳಿನಿಂದ ಮೆಟ್ರೊ ರೈಲೂ ಇಲ್ಲಿ ನಿಲ್ಲುತ್ತಿದೆ. ಬೆಳಗಿನ ನಡಿಗೆಗೆ ಹೊರಟಾಗ ನನಗೆ ಎರಡು ವಸ್ತುಗಳು ಕಾಣಸಿಗುತ್ತವೆ. ಒಂದು, ಹಳೆಯ ಬೀದಿಯ ತುದಿಯಲ್ಲಿ ನಾಗರಕಲ್ಲುಗಳನ್ನು ಮಡಿಲಲ್ಲಿಟ್ಟುಕೊಂಡ ಅರಳಿಮರದ ಕಟ್ಟೆ. ಇನ್ನೊಂದು, ಹೊಸ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ತೂಗುವ ಫಲಕ. ದಂಪತಿಗಳಿಗೆ ಆಪ್ತಸಮಾಲೋಚನೆ ನೀಡಲಾಗುವುದು, ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡು ಬರಬೇಕು ಎಂದು ಅದರಲ್ಲಿ ಬರೆದಿದೆ. ಇವೆರಡರ ನಡುವೆ ಹತ್ತು ನಿಮಿಷದ ನಡಿಗೆ. ನಮ್ಮ ಸಮಾಜ ಆ ಕಟ್ಟೆಯಿಂದ ಆ ಮಹಡಿಯವರೆಗೆ ನಡೆಯಲು ಸುಮಾರು ನೂರು ವರ್ಷ ತೆಗೆದುಕೊಂಡಿದೆ.

ಕಟ್ಟೆಯ ನ್ಯಾಯವನ್ನು ನಾನು ಕಣ್ಣಾರೆ ಕಂಡವನು. ಹತ್ತು ವರ್ಷದ ಹುಡುಗನಾಗಿದ್ದಾಗ ತಾಯಿಯ ತವರೂರಿಗೆ ಹೋಗಿದ್ದೆ. ಅಲ್ಲಿ ನೆರೆಯ ಬೀದಿಯ ಹೆಣ್ಣುಮಗಳೊಬ್ಬಳು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಗಂಡನ ಮನೆಯಿಂದ ಮೂರನೆಯ ಸಲ ಮರಳಿ ಬಂದಿದ್ದಳು. ದೀಪ ಹಚ್ಚುವ ಹೊತ್ತಿಗೆ ಹಿರಿಯರು ಕಟ್ಟೆಯ ಮೇಲೆ ಸೇರಿದರು. ಗಂಡನನ್ನು ಕೇಳಿದರು, ಅವನ ಅಣ್ಣನನ್ನು ಕೇಳಿದರು, ಹುಡುಗಿಯ ತಂದೆಯನ್ನು ಕೇಳಿದರು, ಮದುವೆಯ ಮಾತುಕತೆಗೆ ನಿಂತಿದ್ದವರನ್ನೂ ಕರೆಸಿ ಕೇಳಿದರು. ವಾದವಿವಾದಗಳು ಬಹಳ ಹೊತ್ತು ನಡೆದು, ಗಂಡನಾದವನು ತಪ್ಪುಕಾಣಿಕೆ ಇಟ್ಟು ಹಿರಿಯರಿಗೆ ಅಡ್ಡಬೀಳಬೇಕೆಂದೂ ಹೆಣ್ಣು ಮರುದಿನ ಅವನೊಡನೆ ಹೊರಡಬೇಕೆಂದೂ ತೀರ್ಮಾನವಾಯಿತು. ವೀಳ್ಯ ಕೈಬದಲಾಯಿತು, ಎಲ್ಲರೂ ನಗುತ್ತಲೇ ಎದ್ದರು. ಎಂತಹ ಸೊಗಸಾದ ನ್ಯಾಯ ಎಂದು ನಾನು ಬೆರಗಾಗಿದ್ದೆ. ಮನೆಗೆ ಬಂದು ಹೇಳಿದಾಗ ನನ್ನ ತಾಯಿ ಮಾತ್ರ, "ಅಷ್ಟು ಜನ ಕೂತಿದ್ರಲ್ಲ, ಒಬ್ಬರಾದ್ರೂ ಆ ಹುಡುಗೀನ ಒಂದು ಮಾತು ಕೇಳಿದ್ರೇನಪ್ಪ?" ಎಂದರು. ಯಾರೂ ಕೇಳಿರಲಿಲ್ಲ. ಆಕೆ ಗೋಡೆಯ ಮರೆಯಲ್ಲಿ ಸೆರಗು ಹೊದ್ದು ನಿಂತೇ ಇದ್ದಳು. ಮರುವರ್ಷ ಆಕೆ ಮತ್ತೆ ತವರಿಗೆ ಬಂದಳು. ಆಗ ಕಟ್ಟೆ ಸೇರಲಿಲ್ಲ. ಉಳಿದ ಬಾಳನ್ನು ಆಕೆ ಅಣ್ಣತಮ್ಮಂದಿರ ಮನೆಯಲ್ಲಿಯೇ ಕಳೆದಳೆಂದು ಮುಂದೆ ತಿಳಿಯಿತು.

ಒಂದು ನೆನಪಿನ ಬಲದಿಂದ ಒಂದು ವ್ಯವಸ್ಥೆಯನ್ನೇ ಹಳಿಯುವುದು ಸಾಧುವಲ್ಲ. ಕಟ್ಟೆಗೆ ಅದರದೇ ಆದ ವಿವೇಕವಿತ್ತು. ಎಚ್. ವಿ. ನಂಜುಂಡಯ್ಯನವರು ಆರಂಭಿಸಿ ಅನಂತಕೃಷ್ಣ ಅಯ್ಯರ್ ಅವರು ಪೂರ್ಣಗೊಳಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಕುರಿತ ಬೃಹತ್ ಸಂಪುಟಗಳನ್ನು ತೆರೆದು ನೋಡಿದರೆ, ಹಳೆಯ ಮೈಸೂರು ಸೀಮೆಯ ಅನೇಕ ಸಮುದಾಯಗಳಲ್ಲಿ ಯಜಮಾನನ ಸಮ್ಮುಖದಲ್ಲಿ ವಿಚ್ಛೇದನವೂ, ಬಿಟ್ಟವಳಿಗೆ ಕೂಡಾವಳಿಯ ಮರುಮದುವೆಯೂ ರೂಢಿಯಲ್ಲಿದ್ದುವೆಂಬುದು ಕಂಡುಬರುತ್ತದೆ. ಎಂ. ಎನ್. ಶ್ರೀನಿವಾಸರು 1942ರಲ್ಲಿ ಪ್ರಕಟಿಸಿದ ಮೈಸೂರಿನ ವಿವಾಹ ಮತ್ತು ಕುಟುಂಬ ಕುರಿತ ಗ್ರಂಥವೂ ಇಂತಹ ಕಟ್ಟಳೆಗಳನ್ನು ವಿವರಿಸುತ್ತದೆ. 1948ರಲ್ಲಿ ಅವರು ರಾಂಪುರವೆಂದು ಕರೆದ ಹಳ್ಳಿಯಲ್ಲಿದ್ದು ವ್ಯಾಜ್ಯಗಳು ಹೇಗೆ ಇತ್ಯರ್ಥವಾಗುತ್ತವೆ ಎಂಬುದನ್ನು ಹತ್ತಿರದಿಂದ ಗಮನಿಸಿದರು. ಊರ ಹಿರಿಯರಿಗೆ ಎರಡೂ ಮನೆಗಳ ಹೊಲಗದ್ದೆ, ಸಾಲಸೋಲ, ಹಳೆಯ ದ್ವೇಷ ಎಲ್ಲವೂ ಗೊತ್ತಿರುತ್ತಿದ್ದುವು. ತೀರ್ಪು ಕೊಟ್ಟ ಮರುದಿನವೂ ಅವರು ಅದೇ ಬೀದಿಯಲ್ಲಿ ಓಡಾಡುತ್ತಿದ್ದರಾದ್ದರಿಂದ ಅದು ನಡೆಯಿತೋ ಇಲ್ಲವೋ ಎಂಬುದೂ ಅವರ ಕಣ್ಣಿಗೆ ಬೀಳುತ್ತಿತ್ತು. ಇಂದಿನ ಯಾವ ಚಿಕಿತ್ಸಕನಿಗೂ ಈ ಅನುಕೂಲವಿಲ್ಲ. ಆದರೆ ಕಟ್ಟೆಯ ದೃಷ್ಟಿಯಲ್ಲಿ ಜಗಳ ಎರಡು ಮನೆತನಗಳದು. ಮನೆಗಳು ಕೂಡಿಕೊಂಡರೆ ಕೆಲಸ ಮುಗಿಯಿತು. ಮನಸ್ಸುಗಳು ಕೂಡಿದುವೇ ಎಂಬ ಪ್ರಶ್ನೆ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಕಟ್ಟೆಯ ನಂತರ ಬಂದ ಮೂರನೆಯವರೆಂದರೆ ನ್ಯಾಯಾಧೀಶರು. 1955ರ ಹಿಂದೂ ವಿವಾಹ ಕಾಯಿದೆ ವಿಚ್ಛೇದನಕ್ಕೆ ದೇಶದಾದ್ಯಂತ ಅವಕಾಶ ಕಲ್ಪಿಸಿತಾದರೂ, ಪರಿಹಾರ ನೀಡುವ ಮುನ್ನ ಸಾಧ್ಯವಾದಲ್ಲೆಲ್ಲ ಇಬ್ಬರನ್ನೂ ಒಂದುಗೂಡಿಸಲು ಯತ್ನಿಸುವುದು ನ್ಯಾಯಾಲಯದ ಕರ್ತವ್ಯವೆಂದೂ ವಿಧಿಸಿತು. 1976ರ ತಿದ್ದುಪಡಿ ಪರಸ್ಪರ ಸಮ್ಮತಿಯ ವಿಚ್ಛೇದನವನ್ನು ತಂದು, ಮನಸ್ಸು ಬದಲಾಗಲೆಂದು ಆರು ತಿಂಗಳ ಕಾಲಾವಕಾಶವನ್ನಿಟ್ಟಿತು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಇನ್ನೂ ಮುಂದೆ ಹೋಗಿ, ನ್ಯಾಯಾಲಯದಲ್ಲಿಯೇ ಸಮಾಲೋಚಕರಿಗೆ ಸ್ಥಾನ ಕೊಟ್ಟಿತು. ವಕೀಲರನ್ನು ಹಕ್ಕೆಂದು ಮುಂದಿಟ್ಟುಕೊಂಡು ಬರುವಂತಿಲ್ಲವೆಂದಿತು. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರಕ್ಕೂ ದಾಂಪತ್ಯದ ವ್ಯಾಜ್ಯಗಳು ಬರುತ್ತವೆ. ಇಲ್ಲಿ ಹೆಣ್ಣು ಗೋಡೆಯ ಮರೆಯಲ್ಲಿ ನಿಲ್ಲಬೇಕಿಲ್ಲ. ಆಕೆಯೂ ಒಬ್ಬ ಕಕ್ಷಿದಾರಳು. ಇದು ಸಾಮಾನ್ಯವಾದ ಮುನ್ನಡೆಯಲ್ಲ. ಆದರೂ ನ್ಯಾಯಾಲಯದ ಮೆಟ್ಟಿಲೇರುವ ಹೊತ್ತಿಗೆ ಜಗಳ ಬಲಿತು ಮರವಾಗಿರುತ್ತದೆ. ಇಬ್ಬರೂ ತಮ್ಮ ತಮ್ಮ ಗೆಲುವಿಗೆ ಬೇಕಾದ ಮಾತುಗಳನ್ನಷ್ಟೇ ಜೋಡಿಸಿಟ್ಟುಕೊಂಡು ಬಂದಿರುತ್ತಾರೆ. ಮಾತಿಗೆ ಮುಂಚೆಯೇ ಸೋಲುಗೆಲುವಿನ ಲೆಕ್ಕ ನಿಂತಿರುವ ಕಡೆ ಮನಸ್ಸು ಬಿಚ್ಚಿಕೊಳ್ಳುವುದು ದುಸ್ತರ.

ಈ ನಡುವೆ ಪಶ್ಚಿಮದಲ್ಲಿ ಬೇರೊಂದು ಬಗೆಯ ಮೂರನೆಯವರು ಹುಟ್ಟಿಕೊಂಡಿದ್ದರು. ಅವರ ಹುಟ್ಟಿನ ಕಥೆ ಅಷ್ಟೇನೂ ಅಭಿಮಾನಪಡುವಂತಹುದಲ್ಲ. ಅಮೆರಿಕದಲ್ಲಿ ಈ ಕೆಲಸಕ್ಕೆ ಹೆಸರು ತಂದುಕೊಟ್ಟ ಪಾಲ್ ಪೊಪೆನೊ ಮೊದಲು ಖರ್ಜೂರದ ಬೇಸಾಯದಲ್ಲಿ ಪರಿಣತನೆನಿಸಿ, ಆ ಕುರಿತು 1913ರಲ್ಲಿ ಪುಸ್ತಕ ಬರೆದವನು. ಬಳಿಕ ಮನುಷ್ಯರ ತಳಿಯನ್ನೂ ಸುಧಾರಿಸಬೇಕೆಂಬ ಸುಪ್ರಜನನವಾದಕ್ಕೆ ಮಾರುಹೋಗಿ, 1930ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಕುಟುಂಬ ಸಂಬಂಧಗಳ ಸಂಸ್ಥೆಯನ್ನು ತೆರೆದನು. ಯೋಗ್ಯರೆನಿಸಿದವರ ಮದುವೆಗಳು ಮುರಿಯಬಾರದು ಎಂಬುದು ಅವನ ಕಾಳಜಿ. 1938ರಲ್ಲಿ ಇಂಗ್ಲೆಂಡಿನಲ್ಲಿ ಮೂಡಿದ ವಿವಾಹ ಮಾರ್ಗದರ್ಶನ ಮಂಡಳಿಯು ತರಬೇತಾದ ಸ್ವಯಂಸೇವಕರಿಂದ ಸಲಹೆ ಕೊಡಿಸಿತು. ಅದೇ 1988ರಲ್ಲಿ ರಿಲೇಟ್ ಎಂಬ ಹೆಸರು ತಳೆಯಿತು. ಈ ಆರಂಭದ ಸಲಹೆಗಾರರಿಗೂ ನಮ್ಮ ಕಟ್ಟೆಯ ಹಿರಿಯರಿಗೂ ಒಂದು ಹೋಲಿಕೆಯಿದೆ. ಮದುವೆ ಉಳಿಯಬೇಕು ಎಂಬ ತೀರ್ಮಾನವನ್ನು ಮೊದಲೇ ಮಾಡಿಕೊಂಡು, ಆಮೇಲೆ ಕಿವಿಗೊಡುವವರು ಅವರು. ಸಲಹೆಯ ಹೆಚ್ಚಿನ ಭಾರ ಬೀಳುತ್ತಿದ್ದುದೂ ಹೆಂಡತಿಯ ತಲೆಯ ಮೇಲೆಯೇ.

ವೈದ್ಯಲೋಕದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಫ್ರಾಯ್ಡ್ ಮತ್ತು ಅವನ ಅನುಯಾಯಿಗಳ ಮನೋವಿಶ್ಲೇಷಣೆಯಲ್ಲಿ ರೋಗಿ ಒಬ್ಬನೇ ವೈದ್ಯನ ಕೋಣೆಯೊಳಗೆ ಹೋಗತಕ್ಕವನು. ನಂಟರಿಷ್ಟರನ್ನು ಹೇಗೆ ನಿಭಾಯಿಸಬೇಕೆಂಬುದು ತನಗೆ ತೋಚದ ವಿಷಯವೆಂದು ಫ್ರಾಯ್ಡ್ 1912ರಲ್ಲಿಯೇ ಒಪ್ಪಿಕೊಂಡಿದ್ದನು. ಇದರಿಂದಾಗುವ ತೊಡಕನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ತ್ರಿವೇಣಿಯವರ 'ಶರಪಂಜರ'ವನ್ನು ನೆನೆದುಕೊಂಡರೆ ಸಾಕು. ಪುಟ್ಟಣ್ಣ ಕಣಗಾಲರ ಚಿತ್ರದಿಂದ ಅದು ಮನೆಮಾತಾಯಿತು. ಅದರ ನಾಯಕಿ ಕಾವೇರಿ ಮಾನಸಿಕ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಹಿಂದಿರುಗುತ್ತಾಳೆ. ಆದರೆ ಅಲ್ಲಿ ಗಂಡನ ನೋಟವಾಗಲಿ ನೆರೆಹೊರೆಯವರ ಮಾತಾಗಲಿ ಗುಣಹೊಂದಿಲ್ಲ. ಆ ಮನೆಯೇ ಆಕೆಯನ್ನು ಮತ್ತೆ ಆಸ್ಪತ್ರೆಗೆ ನೂಕುತ್ತದೆ. ಒಬ್ಬರಿಗೆ ಮದ್ದು ಕೊಟ್ಟು, ಇಬ್ಬರ ನಡುವಿನ ಸಂಬಂಧವನ್ನು ಹಾಗೆಯೇ ಬಿಟ್ಟರೆ ಏನಾದೀತು ಎಂಬುದನ್ನು ಮನಶ್ಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದ ತ್ರಿವೇಣಿಯವರು ಕಂಡುಕೊಂಡಿದ್ದರು. ಅಮೆರಿಕದ ವೈದ್ಯ ಬೇಲಾ ಮಿಟಲ್‌ಮನ್ ಒಬ್ಬನೇ ವೈದ್ಯ ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಚಿಕಿತ್ಸೆಗೊಳಪಡಿಸುವ ಕ್ರಮವನ್ನು 1948ರಲ್ಲಿ ವಿವರಿಸಿದಾಗ ಅದು ಅಂದಿನ ಶಿಸ್ತನ್ನು ಮೀರಿದ ಸಾಹಸವಾಗಿತ್ತು.

ಇಬ್ಬರನ್ನೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ಕೂರಿಸುವ ಪದ್ಧತಿಗೆ ಭದ್ರವಾದ ತಳಹದಿ ದೊರೆತದ್ದು ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ. ಡಾನ್ ಜಾಕ್ಸನ್ 1958ರಲ್ಲಿ ಅಲ್ಲಿ ಒಂದು ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ವರ್ಜೀನಿಯಾ ಸಟೀರ್ ಕೂಡ ಅಲ್ಲಿಯೇ ದುಡಿದರು. ರೋಗ ಗಂಡನಲ್ಲಿಯೂ ಇಲ್ಲ, ಹೆಂಡತಿಯಲ್ಲಿಯೂ ಇಲ್ಲ, ಇಬ್ಬರೂ ಸಿಲುಕಿಕೊಂಡಿರುವ ಸುಳಿಯಲ್ಲಿದೆ ಎಂಬುದು ಅವರ ಕಾಣ್ಕೆ. ಅವರು ಕೊಡುವ ನಿದರ್ಶನ ನಮ್ಮ ಯಾವ ಮನೆಗೂ ಒಪ್ಪುತ್ತದೆ. ನೀನು ಸದಾ ಗೊಣಗುತ್ತೀಯೆ, ಅದಕ್ಕೇ ನಾನು ಮಾತಾಡುವುದಿಲ್ಲ ಎನ್ನುತ್ತಾನೆ ಗಂಡ. ನೀವು ಮಾತಾಡುವುದಿಲ್ಲ, ಅದಕ್ಕೇ ನಾನು ಗೊಣಗುತ್ತೇನೆ ಎನ್ನುತ್ತಾಳೆ ಹೆಂಡತಿ. ಇಬ್ಬರೂ ನಿಜವನ್ನೇ ನುಡಿಯುತ್ತಿದ್ದಾರೆ. ಸುಳಿಯ ಆರಂಭ ಎಲ್ಲಿ ಎಂಬುದರಲ್ಲಿ ಮಾತ್ರ ಅವರಿಗೆ ಭಿನ್ನಾಭಿಪ್ರಾಯ. ವೃತ್ತಕ್ಕೆ ಆದಿ ಎಲ್ಲಿ? ಆದ್ದರಿಂದ ತಪ್ಪಿತಸ್ಥರನ್ನು ಹುಡುಕುವುದನ್ನು ಬಿಟ್ಟು, ಆ ಸುತ್ತನ್ನು ಯಾವುದಾದರೊಂದು ಕಡೆ ತುಂಡರಿಸಬೇಕು. ಕಟ್ಟೆಯೂ ನ್ಯಾಯಾಲಯವೂ ತಪ್ಪು ಯಾರದೆಂದು ಕೇಳಿದ್ದುವು. ಆ ಪ್ರಶ್ನೆಯನ್ನೇ ಬದಿಗಿಟ್ಟ ಮೊದಲ ಮೂರನೆಯವರೆಂದರೆ ಇವರೇ.

ಇದಾದ ಮೇಲೆ ಪಂಥಗಳು ಒಂದರ ಬೆನ್ನಿಗೊಂದು ಬಂದುವು. ವರ್ತನಾವಾದಿಗಳು ಮನಸ್ಸಿನ ಆಳಕ್ಕಿಳಿಯುವ ಗೋಜಿಗೆ ಹೋಗಲಿಲ್ಲ. ಕೊಡುವುದು ಕೊಳ್ಳುವುದು ಸರಿಹೋದರೆ ಪ್ರೀತಿ ತಾನಾಗಿ ಬರುತ್ತದೆ ಎಂಬುದು ಅವರ ನಂಬುಗೆ. ರಿಚರ್ಡ್ ಸ್ಟುವರ್ಟ್ 1969ರಲ್ಲಿ ನಾಲ್ಕು ಜೋಡಿಗಳ ಮೇಲೆ ನಡೆಸಿದ ಪ್ರಯೋಗ ಇಂದು ಓದಿದರೆ ನಗು ತರಿಸುತ್ತದೆ. ಗಂಡಂದಿರು ತಮ್ಮೊಡನೆ ಮನಸಾರೆ ಮಾತಾಡಬೇಕೆಂಬುದು ಹೆಂಡತಿಯರ ಬಯಕೆ. ಹಾಗೆ ಮಾತಾಡಿದ ಹೊತ್ತಿಗೆ ತಕ್ಕಂತೆ ಗಂಡನಿಗೆ ಬಿಲ್ಲೆಗಳು ಸಲ್ಲುತ್ತಿದ್ದುವು. ಆ ಬಿಲ್ಲೆಗಳನ್ನು ಕೊಟ್ಟು ಅವನು ಹೆಂಡತಿಯ ಒಲವಿನ ನಡೆಗಳನ್ನು ಪಡೆಯಬಹುದಾಗಿತ್ತು. ಮುಂದೆ ನೀಲ್ ಜೇಕಬ್‌ಸನ್ ಮತ್ತು ಗೇಲಾ ಮಾರ್ಗೊಲಿನ್ 1979ರ ತಮ್ಮ ಗ್ರಂಥದಲ್ಲಿ ಈ ಮಾರ್ಗವನ್ನು ಬಹಳವಾಗಿ ಪರಿಷ್ಕರಿಸಿದರು. ಮಾತಿನ ಸರದಿ ಕಾಯುವುದು, ಕೇಳಿದ್ದನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವುದು, ಸಮಸ್ಯೆಯೊಂದನ್ನು ಬಿಡಿಸಿಟ್ಟು ಪರಿಹಾರ ಹುಡುಕುವುದು ಮೊದಲಾದ ಅಭ್ಯಾಸಗಳು ಇದರಿಂದ ಬಂದುವು. ಜೇಕಬ್‌ಸನ್ ಪ್ರಾಮಾಣಿಕ ವಿದ್ವಾಂಸ. 1984ರಲ್ಲಿ ತಮ್ಮ ಪಂಥದ ಫಲಿತಾಂಶಗಳನ್ನು ತಾವೇ ಮರುಪರಿಶೀಲಿಸಿ, ಅರ್ಧಕ್ಕಿಂತ ತುಸು ಹೆಚ್ಚು ಜೋಡಿಗಳು ಸುಧಾರಿಸಿದ್ದರೂ ವಿರಸದಿಂದ ಪೂರ್ಣವಾಗಿ ಪಾರಾದವರು ಮೂರರಲ್ಲೊಂದು ಪಾಲು ಮಾತ್ರವೆಂದು ಸಾರಿದರು.

ಕೆನಡದಲ್ಲಿ ಸ್ಯೂ ಜಾನ್‌ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ಬೇರೆ ದಾರಿ ಹಿಡಿದರು. ತಾಯಿ ಮಗುವಿನ ಬಾಂಧವ್ಯದ ಬಗ್ಗೆ ಇಂಗ್ಲೆಂಡಿನ ಜಾನ್ ಬೌಲ್ಬಿ ಕಂಡದ್ದನ್ನು ಜಾನ್‌ಸನ್ ದಾಂಪತ್ಯಕ್ಕೆ ಅನ್ವಯಿಸಿದರು. ಸಿಟ್ಟಿನ ಕೆಳಗೆ ಅಂಜಿಕೆಯಿರುತ್ತದೆ. ನಾನು ನಿನಗೆ ಬೇಕೇ, ಕರೆದರೆ ಓಗೊಡುತ್ತೀಯಾ ಎಂಬ ಪ್ರಶ್ನೆಯೇ ಪಾತ್ರೆಯ ಸದ್ದಾಗಿ, ಬಾಗಿಲ ಬಡಿತವಾಗಿ ಕೇಳಿಸುತ್ತದೆ ಎಂಬುದು ಅವರ ನಿಲುವು. 1985ರಲ್ಲಿ ಅವರಿಬ್ಬರು 45 ಜೋಡಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಸಮಸ್ಯೆ ಬಿಡಿಸುವ ಅಭ್ಯಾಸಕ್ಕಿಂತ ಈ ಭಾವಕೇಂದ್ರಿತ ಕ್ರಮ ಹೆಚ್ಚು ಫಲ ಕೊಟ್ಟಿತು. ನಮ್ಮ ಹೆಂಗಸರ ಬೀಸುಕಲ್ಲಿನ ಪದಗಳನ್ನು ಕಿವಿಗೊಟ್ಟು ಕೇಳಿದವರಿಗೆ ಈ ತತ್ತ್ವ ಹೊಸತೆನಿಸದು. ಗಂಡನ ಎದುರಿಗೆ ಆಡಲಾರದ ಮಾತನ್ನು ಅವರು ಕಲ್ಲಿನೆದುರು ಆಡಿಕೊಂಡರು. ಆ ಮಾತು ಗಂಡನ ಕಿವಿಗೇ ಬೀಳುವಂತೆ ಮಾಡುವುದು ಚಿಕಿತ್ಸಕರ ಉದ್ಯೋಗ.

ಹಾಗಾದರೆ ಇವುಗಳಲ್ಲಿ ಯಾವುದು ಮೇಲು? ಎರಡು ಅಧ್ಯಯನಗಳನ್ನಷ್ಟೇ ಪ್ರಸ್ತಾಪಿಸುತ್ತೇನೆ. ಡಗ್ಲಸ್ ಸ್ನೈಡರ್ ಮತ್ತು ಸಂಗಡಿಗರು ವರ್ತನೆಯನ್ನು ತಿದ್ದುವ ಕ್ರಮವನ್ನೂ ಒಳನೋಟ ಕೊಡುವ ಕ್ರಮವನ್ನೂ ಹೋಲಿಸಿದರು. ಚಿಕಿತ್ಸೆ ಮುಗಿದಾಗ ಎರಡೂ ಸರಿಸಮ. ಆದರೆ ನಾಲ್ಕು ವರ್ಷಗಳ ಬಳಿಕ ನೋಡಿದಾಗ ಮೊದಲ ಗುಂಪಿನಲ್ಲಿ ನೂರಕ್ಕೆ 38 ಜೋಡಿಗಳು ವಿಚ್ಛೇದನ ಪಡೆದಿದ್ದರೆ, ಎರಡನೆಯದರಲ್ಲಿ ನೂರಕ್ಕೆ 3 ಮಾತ್ರ ಎಂದು 1991ರಲ್ಲಿ ವರದಿಯಾಯಿತು. ಒಳನೋಟಕ್ಕೇ ಜಯವೆಂದು ಅನೇಕರು ಭಾವಿಸಿದರು. ಈ ನಡುವೆ ಜೇಕಬ್‌ಸನ್ ಅವರು ಆಂಡ್ರೂ ಕ್ರಿಸ್ಟೆನ್‌ಸನ್ ಜೊತೆಗೂಡಿ, ಬದಲಾಗದ್ದನ್ನು ಸಹಿಸಿ ಒಪ್ಪಿಕೊಳ್ಳುವುದನ್ನೂ ಸೇರಿಸಿದ ಹೊಸ ಕ್ರಮವೊಂದನ್ನು ರೂಪಿಸಿದ್ದರು. ತೀವ್ರ ವಿರಸದಲ್ಲಿದ್ದ 134 ಜೋಡಿಗಳನ್ನು ಹಳೆಯ ಮತ್ತು ಹೊಸ ಕ್ರಮಗಳ ನಡುವೆ ಹಂಚಿ, ಐದು ವರ್ಷಗಳವರೆಗೆ ಹಿಂಬಾಲಿಸಿದ ಫಲಿತಾಂಶ 2010ರಲ್ಲಿ ಹೊರಬಂದಿತು. ಕೊನೆಗೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರ ಉಳಿಯಲಿಲ್ಲ. ಎರಡರಲ್ಲಿಯೂ ಹೆಚ್ಚುಕಡಮೆ ಅರ್ಧದಷ್ಟು ಜೋಡಿಗಳು ಸ್ಪಷ್ಟವಾಗಿ ಸುಧಾರಿಸಿದ್ದರು; ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಬೇರೆಯಾಗಿದ್ದರು. ಪಂಥಗಳ ನಡುವಿನ ವ್ಯತ್ಯಾಸ ಅವುಗಳ ಪ್ರವರ್ತಕರು ಸಾರಿದಷ್ಟು ದೊಡ್ಡದಲ್ಲ ಎಂದು ನಾನು ಇದರಿಂದ ತಿಳಿಯುತ್ತೇನೆ. ಮದ್ದು ಇದೆ, ಆದರೆ ಅದು ರಾಮಬಾಣವಲ್ಲ.

ಇನ್ನು ನಮ್ಮ ನಾಡಿಗೆ ಮರಳೋಣ. ಭಾರತದ ಮನೋವೈದ್ಯರು ಪಶ್ಚಿಮದ ಪಾಠವನ್ನು ಒಪ್ಪಿಸುತ್ತ ಕೂರಲಿಲ್ಲ ಎಂಬುದು ಹೆಮ್ಮೆಯ ಸಂಗತಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳಿಗೆ ಆವರಣದಲ್ಲಿಯೇ ಡೇರೆ ಹಾಕಿಸಿ, ರೋಗಿಯೊಡನೆ ಇರಿಸಿದರು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹಳೆಯ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ 1970ರ ದಶಕದಲ್ಲಿಯೇ ಕುಟುಂಬವನ್ನು ಒಟ್ಟಾಗಿ ನೋಡುವ ವಿಭಾಗ ಬೆಳೆದುಬಂದಿತು. ದಂಪತಿಗಳೂ ಕುಟುಂಬಗಳೂ ಅಲ್ಲಿ ಉಳಿದುಕೊಂಡು ಚಿಕಿತ್ಸೆ ಪಡೆಯುತ್ತ ಬಂದಿದ್ದಾರೆ. ನಮ್ಮಲ್ಲಿ ಗಂಡ ಹೆಂಡಿರೆಂದರೆ ಇಬ್ಬರೇ ಅಲ್ಲ. ಅತ್ತೆ, ಮಾವ, ತವರು, ನಾದಿನಿ ಎಲ್ಲರೂ ಆ ಜಗಳದ ಪಾತ್ರಧಾರಿಗಳು. ಎರಡು ಕುರ್ಚಿಗಳ ಪಶ್ಚಿಮದ ಕೋಣೆಗೆ ಇಲ್ಲಿ ಇನ್ನೂ ನಾಲ್ಕು ಕುರ್ಚಿ ಸೇರಿಸಬೇಕಾಗುತ್ತದೆ. ನಿಮ್ಹಾನ್ಸಿನ ಮನಶ್ಶಾಸ್ತ್ರಜ್ಞೆ ಅನಿಶಾ ಶಾ ಅವರು 1995ರಲ್ಲಿ ದಾಂಪತ್ಯದ ಗುಣವನ್ನು ಅಳೆಯಲು ಭಾರತೀಯ ಜೀವನಕ್ಕೆ ಹೊಂದುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ಗಂಡನಿಗೊಂದು, ಹೆಂಡತಿಗೊಂದು ಪ್ರತ್ಯೇಕ ಪ್ರತಿಗಳಿವೆ ಎಂಬುದನ್ನು ನಾನು ವಿಶೇಷವಾಗಿ ಗಮನಿಸಿದೆ. ಒಂದೇ ಮನೆಯಲ್ಲಿ ಎರಡು ದಾಂಪತ್ಯಗಳಿರಬಹುದಲ್ಲವೆ?

ಕನ್ನಡದ ವೈದ್ಯ ಲೇಖಕರ ಸೇವೆಯನ್ನೂ ಇಲ್ಲಿ ಸ್ಮರಿಸಬೇಕು. 'ಕೊರವಂಜಿ'ಯ ಡಾ. ಎಂ. ಶಿವರಾಂ ಅವರ 'ಮನಮಂಥನ' 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಡಾ. ಅನುಪಮಾ ನಿರಂಜನರ 'ದಾಂಪತ್ಯ ದೀಪಿಕೆ' ಮತ್ತು 'ವಧುವಿಗೆ ಕಿವಿಮಾತು' ಪುಸ್ತಕಗಳನ್ನು ಎಷ್ಟೋ ಹೆಣ್ಣುಮಕ್ಕಳು ಸೆರಗಿನ ಮರೆಯಲ್ಲಿ ಓದಿದರು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಹಲವು ದಶಕಗಳಿಂದ ಮನೋವಿಜ್ಞಾನವನ್ನು ತಿಳಿಗನ್ನಡದಲ್ಲಿ ಬರೆದು, ನಿವೃತ್ತಿಯ ನಂತರ 'ಸಮಾಧಾನ' ಎಂಬ ಉಚಿತ ಸಲಹಾ ಕೇಂದ್ರವನ್ನೂ ನಡೆಸಿದರು. ಕಟ್ಟೆಯೂ ಇಲ್ಲದ, ಆಸ್ಪತ್ರೆಯೂ ಹತ್ತಿರವಿಲ್ಲದ ಮನೆಗಳಲ್ಲಿ ಎಷ್ಟೋ ಕಾಲ ಮೂರನೆಯವರಾಗಿ ನಿಂತದ್ದು ಇಂತಹ ಪುಸ್ತಕಗಳೇ.

ನಮ್ಮ ಕುಂದಲಹಳ್ಳಿಯ ಎರಡನೆಯ ಮಹಡಿಯ ಕೋಣೆಗೆ ಬರುವವರನ್ನು ನೆನೆದಾಗ ನನಗೆ ಕೆಲವು ವಿಷಯಗಳು ಹೊಳೆಯುತ್ತವೆ. ಇಲ್ಲಿನ ಎಳೆಯ ದಂಪತಿಗಳಲ್ಲಿ ಅನೇಕರು ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ರಾಜ್ಯಗಳಿಂದ ಬಂದವರು. ಅವನಿಗೆ ಹಗಲು ಕೆಲಸವಾದರೆ ಅವಳಿಗೆ ಅಮೆರಿಕದ ಗಡಿಯಾರಕ್ಕೆ ಹೊಂದಿಸಿದ ಇರುಳ ಕೆಲಸ. ಉಂಡು ಮಲಗುವ ತನಕ ಎಂಬ ಗಾದೆ ಇವರ ಪಾಲಿಗೆ ಅರ್ಥ ಕಳೆದುಕೊಂಡಿದೆ. ಇಬ್ಬರೂ ಒಟ್ಟಿಗೆ ಉಣ್ಣುವುದೂ ಇಲ್ಲ, ಒಂದೇ ಹೊತ್ತಿಗೆ ಮಲಗುವುದೂ ಇಲ್ಲ. ಬಾಗಿಲು ಮುಚ್ಚಿದರೆ ಪಕ್ಕದ ಮನೆಗೂ ಸದ್ದು ಕೇಳಿಸದು. ಕೇಳಿಸಿದರೂ ಬಂದು ಬಾಗಿಲು ತಟ್ಟುವ ಅಜ್ಜಿಯಿಲ್ಲ. ಇಂತಹವರಿಗೆ ಬಾಡಿಗೆಯ ಮೂರನೆಯವರು ಅನಿವಾರ್ಯವೇ ಸರಿ. ಆದರೆ ಅವರ ಬೆಲೆ ಎಲ್ಲರಿಗೂ ಎಟುಕುವಂತಹುದಲ್ಲ. ಆ ಎಳೆಯರ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೂ ದಾಂಪತ್ಯವಿದೆ, ಅಲ್ಲಿಯೂ ವಿರಸವಿದೆ. ಆಕೆ ಆ ಮಹಡಿಯನ್ನು ಹತ್ತಿದ್ದನ್ನು ನಾನು ಕಂಡಿಲ್ಲ. ಭಾಷೆಯ ತೊಡಕೂ ಇದೆ. ಮನುಷ್ಯ ಜಗಳವಾಡುವುದು ತಾಯ್ನುಡಿಯಲ್ಲಿ; ಅಲ್ಲಿ ಅದನ್ನು ಇಂಗ್ಲಿಷಿನಲ್ಲಿ ವಿವರಿಸಬೇಕಾಗುತ್ತದೆ. ನಿಮ್ಮ ಮಗ ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ಸೊಸೆ ಅತ್ತೆಗೆ ಹೇಳಿಕೊಂಡ ನೋವನ್ನು ಯಾವ ಇಂಗ್ಲಿಷಿನಲ್ಲಿ ಹೇಳುವುದು?

ಇದೆಲ್ಲಕ್ಕಿಂತ ಮುಖ್ಯವಾದ ಒಂದು ಮಾತು ಬಾಕಿಯಿದೆ. ಸುಳಿಯ ಸಿದ್ಧಾಂತ ತಪ್ಪು ಯಾರದೆಂದು ಕೇಳುವುದನ್ನು ಬಿಟ್ಟಿತೆಂದು ಮೆಚ್ಚಿಕೊಂಡೆನಷ್ಟೆ. ಆದರೆ ಒಬ್ಬರು ಹೊಡೆಯುವವರು, ಇನ್ನೊಬ್ಬರು ಹೊಡೆಸಿಕೊಳ್ಳುವವರು ಆಗಿರುವ ಮನೆಯಲ್ಲಿ ಆ ತತ್ತ್ವವನ್ನು ಹೂಡಿದರೆ ಅದು ಘೋರ ಅನ್ಯಾಯವಾಗುತ್ತದೆ. ಸ್ತ್ರೀವಾದಿ ಚಿಂತಕಿಯರು 1970ರ ದಶಕದಿಂದಲೇ ಈ ದೋಷವನ್ನು ಎತ್ತಿ ತೋರಿಸಿದರು. ಭಯವಿರುವ ಹೆಂಡತಿ ಗಂಡನ ಪಕ್ಕದಲ್ಲಿ ಕುಳಿತು ನಿಜ ನುಡಿಯಲಾರಳು. ನುಡಿದರೆ ಅದರ ಬೆಲೆಯನ್ನು ಮನೆಗೆ ಹೋದ ಮೇಲೆ ತೆರಬೇಕಾಗುತ್ತದೆ. ಆದ್ದರಿಂದ ಅನುಭವಿಗಳಾದ ಚಿಕಿತ್ಸಕರು ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡು, ಹೊಡೆತ ಬಡಿತಗಳ ಬಗ್ಗೆ ನೇರವಾಗಿ ವಿಚಾರಿಸಿ, ಅಂತಹುದಿದ್ದರೆ ಜೋಡಿಯಾಗಿ ಕೂರಿಸುವುದನ್ನು ಕೈಬಿಟ್ಟು, ಆಕೆಯ ರಕ್ಷಣೆಯ ಏರ್ಪಾಟಿಗೆ ಮುಂದಾಗುತ್ತಾರೆ. ನಮ್ಮ ಕಾನೂನೂ ಇದನ್ನು ಗ್ರಹಿಸಿದೆ. 2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ನಿಯಮಗಳ ಪ್ರಕಾರ, ಸಮಾಲೋಚನೆಯ ಮೊದಲ ಉದ್ದೇಶ ದೌರ್ಜನ್ಯ ಮರುಕಳಿಸದೆಂಬ ಭರವಸೆ ಪಡೆಯುವುದು. ಮಾಡಿದ ದೌರ್ಜನ್ಯಕ್ಕೆ ಸಮರ್ಥನೆ ಹೇಳಲು ಅಲ್ಲಿ ಅವಕಾಶವಿಲ್ಲ. ಎಲ್ಲ ಸಂಧಾನಕ್ಕೂ ಮುಂಚೆ ಸುರಕ್ಷೆ ಎಂಬ ಈ ಸರಳ ಕ್ರಮವನ್ನು ಕಲಿಯಲು ಕಟ್ಟೆಗೂ ನ್ಯಾಯಾಲಯಕ್ಕೂ ಚಿಕಿತ್ಸಾಲಯಕ್ಕೂ ಎಷ್ಟೊಂದು ಕಾಲ ಬೇಕಾಯಿತು!

ಕಟ್ಟೆ ಮನೆತನವನ್ನು ಕಂಡಿತು, ನ್ಯಾಯಾಲಯ ಹಕ್ಕನ್ನು ಕಂಡಿತು, ಹಳೆಯ ಆಸ್ಪತ್ರೆ ರೋಗಿಯನ್ನು ಕಂಡಿತು, ಹೊಸ ಚಿಕಿತ್ಸೆ ಸಂಬಂಧವನ್ನು ಕಂಡಿತು. ಒಂದೊಂದೂ ತನ್ನ ಹಿಂದಿನದು ಕಾಣದ್ದನ್ನು ಕಂಡಿತು. ತಾನೂ ಏನನ್ನಾದರೂ ಕಾಣದೆ ಹೋಯಿತು. ಹಿರಿಯರಿಗಿದ್ದ ಬೀದಿಯ ಪರಿಚಯ, ಕಾನೂನು ಕೊಟ್ಟ ಸಮಾನ ಪೀಠ, ಮನೋವೈದ್ಯರ ತಾಳ್ಮೆಯ ಕಿವಿ ಇವು ಮೂರೂ ಒಂದೆಡೆ ಕೂಡುವ ಕಾಲ ಬಂದರೆ ಅದೇ ನಿಜವಾದ ಚಿಕಿತ್ಸೆಯೆನಿಸೀತು. ಅಲ್ಲಿಯವರೆಗೆ, ನೆಂಟರ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ನಾವು ನೀವು ಮೂರನೆಯವರಾಗಿ ನಿಲ್ಲಬೇಕಾದ ಪ್ರಸಂಗಗಳು ಬರುತ್ತಲೇ ಇರುತ್ತವೆ. ಆಗ ಯಾವ ಪಂಥದ ಪಾಂಡಿತ್ಯವೂ ನಮ್ಮ ಬಳಿಯಿರುವುದಿಲ್ಲ. ಬುದ್ಧಿವಾದಕ್ಕೆ ತೊಡಗುವ ಮೊದಲು, ಮೂಲೆಯಲ್ಲಿ ಸುಮ್ಮನೆ ನಿಂತವರನ್ನು ಬೇರೆಯಾಗಿ ಕರೆದು, ಏನಮ್ಮ, ನಿನಗೇನು ಬೇಕು ಎಂದು ಕೇಳಬಹುದು. ನನ್ನ ತಾಯಿಯ ತವರೂರಿನ ಕಟ್ಟೆಯ ಮೇಲೆ ಆ ಸಂಜೆ ಯಾರಿಗೂ ತೋಚದೆ ಹೋದ ಮಾತು ಅದೊಂದೇ.